ದನಿಗನ್ನಡಿ

ಸಂಜೆ ಆರಕ್ಕೆ ಸರಿಯಾಗಿ ಶಿವಯೋಗಿ ಹೊಂಬಳರ ಅಂಗಿಯ ಗುಂಡಿ ಕೆಮ್ಮಿತು. ಬಾಗಿಲಲ್ಲಿ ನಿಂತ ಸಭ್ಯಸ್ಥರಂತೆ ಎರಡು ಸಲ ಕೆಮ್ಮಿ, "ಇವತ್ತಿನ ವರದಿ ಹೇಳಿ" ಎಂದಿತು. ಹುಬ್ಬಳ್ಳಿಯ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಮಿಮಿಕ್ರಿ ಮಾಡಿದ್ದ ಶಿವಯೋಗಿ ಅದೇ ಕೆಮ್ಮನ್ನು ಅದಕ್ಕೇ ತಿರುಗಿಸಿ ಕೆಮ್ಮಿದರು. ಯಂತ್ರ ಒಂದು ಕ್ಷಣ ತಬ್ಬಿಬ್ಬಾಗಿ, "ಇದು ತಮ್ಮ ದನಿಯಲ್ಲ. ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು. ನಗುವವರು ಈಗಲೇ ನಕ್ಕುಬಿಡುವುದು ಒಳ್ಳೆಯದು. ಕಥೆ ಮುಂದೆ ಬಹಳ ಹೊತ್ತು ಆ ಅವಕಾಶ ಕೊಡುವುದಿಲ್ಲ.

ಶಿವಯೋಗಿಯವರಿಗಿದ್ದದ್ದು ಬೈಪೋಲಾರ್. ಕೆಲವು ವಾರ ಮನಸ್ಸು ಏರುತ್ತಿತ್ತು: ನಿದ್ದೆ ಬೇಡ, ಊಟ ಬೇಡ, ಮೂರು ಊರಿನ ಕಾರ್ಯಕ್ರಮ ಒಂದೇ ದಿನಕ್ಕೆ ಒಪ್ಪಿಕೊಂಡು ನಾಲ್ಕನೆಯ ಊರಿಗೆ ಹೋಗಿಬಿಡುವ ಹುರುಪು. ಆಮೇಲೆ ಇಳಿಯುತ್ತಿತ್ತು, ಆಗ ಹಲ್ಲುಜ್ಜುವುದೂ ಗುಡ್ಡ ಹತ್ತಿದಂತೆ. ಡಾ. ನಜ್ಮಾ ಸವಣೂರ ಅವರು ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಎದುರು ಕೂರಿಸಿಕೊಂಡು ಮಾತಿನ ಚಿಕಿತ್ಸೆ ಕೊಡುತ್ತಿದ್ದರು. ಉಳಿದ ಆರು ದಿನ ಕಾಯುವುದಕ್ಕೆಂದು ಬಂದದ್ದು ಗುಂಡಿಯ ರೂಪದ ಈ ದನಿಗನ್ನಡಿ.

ಅದರ ಕೆಲಸ ಸರಳ. ರೋಗಿ ಚೆನ್ನಾಗಿರುವ ದಿನ ಐದು ನಿಮಿಷದ ಮಾತನ್ನು ಅದು 'ಸಮದನಿ' ಎಂದು ಇಟ್ಟುಕೊಳ್ಳುತ್ತದೆ. ಮುಂದೆ ಪ್ರತಿ ಸಂಜೆಯ ಮಾತಿನ ವೇಗ, ಏರಿಳಿತ, ನಡುವಿನ ಮೌನಗಳನ್ನು ಅದಕ್ಕೆ ಹೋಲಿಸುತ್ತದೆ. ಹೊಂದಿದರೆ ಹಸಿರು, ಜಾರಿದರೆ ಹಳದಿ, ಕೆಟ್ಟರೆ ಕೆಂಪು. ಬಣ್ಣ, ಮಾತು, ಗುಂಡಿ ಇರುವ ಜಾಗ ಮೂರೂ ಡಾಕ್ಟರ ಫೋನಿಗೆ ಹೋಗುತ್ತವೆ.

ಶಿವಯೋಗಿಯವರ ಸಮದನಿಯನ್ನು ಹಿಡಿದದ್ದು ಅವರ ಅಡುಗೆಮನೆಯಲ್ಲಿ. ಯಂತ್ರಗಳೆಷ್ಟು ಬಂದರೂ ಕುಕ್ಕರ್ ಇನ್ನೂ ಮನೆ ಬಿಟ್ಟಿರಲಿಲ್ಲ. ಮಾತಿನ ನಡುವೆ ಅದು ಎರಡು ಸೀಟಿ ಹೊಡೆಯಿತು.

"ಇರಲಿ ಬಿಡ್ರಿ," ಎಂದರು ಡಾಕ್ಟರು. "ಸುತ್ತಲಿನ ಸಪ್ಪಳಾ ಎಲ್ಲಾ ಯಂತ್ರ ಸೋಸಿ ಒಗಿತದ. ಮನಷ್ಯಾ ಸುಳ್ಳು ಹೇಳಬಹುದು, ದನಿ ಹೇಳಂಗಿಲ್ಲ."

ಹೆಂಡತಿ ಕಸ್ತೂರಿ ಶಾಲೆಯ ಮಾಸ್ತರಿಣಿ. ಮೂಗಿನ ತುದಿಗೆ ಜಾರಿದ ಕನ್ನಡಕ ಏರಿಸಿಕೊಂಡು, "ಇವರ ದನಿ ಹೇಳತದರಿ ಬಾಯಾರ. ಅದ ಇವರ ಹೊಟ್ಟಿಪಾಡು," ಎಂದಳು. ಮೂವರೂ ನಕ್ಕರು. ಆ ಮಾತು ನಗುವಿನಲ್ಲೇ ಮುಗಿದುಹೋಯಿತು.

ಒಂದು ವರ್ಷ ಗುಂಡಿ ಚೆನ್ನಾಗಿಯೇ ಕಾಯಿತು. ಹಳದಿ ಕಂಡಾಗೆಲ್ಲ ಡಾಕ್ಟರು ಫೋನು ಮಾಡಿ ನಿದ್ದೆ ವಿಚಾರಿಸುತ್ತಿದ್ದರು, ಏರು ಅರ್ಧಕ್ಕೇ ಇಳಿಯುತ್ತಿತ್ತು. ಆದರೆ ಮದುವೆಯ ಸೀಜನ್ನಿನಲ್ಲಿ ಒಂದು ಏರು ಬಂತು. ಎಂಥ ಸುಖದ ಏರು! ಅದನ್ನು ಯಾರ ಕೈಗೂ ಒಪ್ಪಿಸುವ ಮನಸ್ಸು ಶಿವಯೋಗಿಗೆ ಇರಲಿಲ್ಲ. ಬೇರೆಯವರ ದನಿ ಹಾಕಿದರೆ ಗುಂಡಿ ಒಪ್ಪದು. ಹಾಗಾದರೆ ತನ್ನದೇ ದನಿ? ಸಮದನಿಯನ್ನು ಹತ್ತು ಸಲ ಕೇಳಿ, ಆ ನೆಮ್ಮದಿಯ ಶಿವಯೋಗಿಯ ಮಿಮಿಕ್ರಿ ಮಾಡಿದರು. ಹಸಿರು.

ಏರು ಮುಗಿದು ಇಳಿತ ಬಂದಾಗಲೂ ಆಟ ನಿಲ್ಲಲಿಲ್ಲ. ಕೆಂಪು ಬಂದರೆ ಆಸ್ಪತ್ರೆ. ಆಸ್ಪತ್ರೆಯೆಂದರೆ ಕಸ್ತೂರಿ ಮತ್ತೆ ಶಾಲೆ ಬಿಟ್ಟು ಹಾಸಿಗೆಯ ಪಕ್ಕ ಕೂರಬೇಕು. ತಾನೇ ಇಲ್ಲದಿದ್ದರೆ ಅವಳಿಗೆ ಹಗುರ ಎಂಬ ವಿಚಾರ ಒಳಗೆ ಗಟ್ಟಿಯಾಗುತ್ತಿತ್ತು. ಇಡೀ ದಿನ ಬಾಯಿ ಬಿಡದವರು ಸಂಜೆ ಆರಕ್ಕೆ ಎದ್ದು ಕೂತು ಐದು ನಿಮಿಷ ನೆಮ್ಮದಿ ನಟಿಸಿ ಮತ್ತೆ ಮಲಗುತ್ತಿದ್ದರು. ಏರು ಶುರುವಾದಾಗಿನಿಂದ ಡಾಕ್ಟರ ವಾರದ ಭೇಟಿಗಳನ್ನೂ ಕಾರ್ಯಕ್ರಮದ ನೆಪ ಹೇಳಿ ತಪ್ಪಿಸುತ್ತಿದ್ದರು. ಹಸಿರಿದ್ದದ್ದರಿಂದ ಯಾರೂ ಕರೆಯಲಿಲ್ಲ. ಕಸ್ತೂರಿ ಕೇಳಿದರೆ ಗುಂಡಿ ತೋರಿಸುತ್ತಿದ್ದರು. ಅವಳು ತನ್ನ ಕಣ್ಣನ್ನು ಬಿಟ್ಟು ಗುಂಡಿಯನ್ನು ನಂಬಿದಳು.

ಆಟ ಶುರುವಾದ ಇಪ್ಪತ್ತೇಳನೆಯ ದಿನ ಕಸ್ತೂರಿ ಶಾಲೆಯಿಂದ ಬಂದಾಗ ಮನೆ ಖಾಲಿ. ಚಪ್ಪಲಿ ಬಾಗಿಲಲ್ಲೇ ಇದ್ದವು, ಫೋನು ಮಂಚದ ಮೇಲೆ. ಅವಳು ಡಾಕ್ಟರಿಗೆ ಫೋನು ಮಾಡಿದಳು.

"ಗಾಬರಿ ಆಗಬ್ಯಾಡ್ರಿ ಅಕ್ಕಾರ," ಎಂದರು ನಜ್ಮಾ. "ಈಗ ಹತ್ತು ನಿಮಿಷದ ಹಿಂದ ವರದಿ ಹೇಳ್ಯಾರ. ಹಸಿರ ಅದ. ಬೇಕಂದ್ರ ಕೇಳ್ರಿ."

ಶಿವಯೋಗಿಯ ದನಿ ಹರಿದು ಬಂತು: ಊಟ ಆತು, ನಿದ್ದಿ ಛೊಲೊ ಆತು, ನಾ ಆರಾಮ ಅದೀನಿ. ಹಿಂದಿನಿಂದ ಕುಕ್ಕರು ಎರಡು ಸೀಟಿ ಹೊಡೆಯಿತು.

ಕಸ್ತೂರಿ ಅಡುಗೆಮನೆಯತ್ತ ನೋಡಿದಳು. ಒಲೆ ತಣ್ಣಗಿತ್ತು.

"ಬಾಯಾರ, ಆ ಸೀಟಿ ಎಲ್ಲಿದು? ನಮ್ಮ ಕುಕ್ಕರ್ ಕೆಟ್ಟು ತಿಂಗಳಾತು!"

ನಜ್ಮಾ ಹಳೆಯ ವರದಿಗಳನ್ನು ಹಾಕತೊಡಗಿದರು. ಹಿಂದಿನ ದಿನದ್ದು, ಅದರ ಹಿಂದಿನ ದಿನದ್ದು. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಎರಡು ಸೀಟಿ. ಕಸುಬುದಾರ ಮನುಷ್ಯ, ಕೇಳಿದ್ದರಲ್ಲಿ ಒಂದು ಸದ್ದನ್ನೂ ಬಿಡುವ ಅಭ್ಯಾಸವಿರಲಿಲ್ಲ. ಬಾಯಿಂದ ಹೊಡೆದ ಸೀಟಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ದನಿ ಹೋಲಿಸುವಾಗ ಯಂತ್ರ ಅದನ್ನು ನಿಜವಾದ ಕುಕ್ಕರೆಂದೇ ಸೋಸಿ ಎಸೆದಿತ್ತು; ಮುದ್ರಿಸಿಕೊಂಡ ಮಾತಿನಲ್ಲಿ ಮಾತ್ರ ಅದು ಉಳಿದಿತ್ತು.

"ಗುಂಡಿ ಎಲ್ಲಿ ಅದರಿ?" ಕಸ್ತೂರಿ ಆಗಲೇ ಬಾಗಿಲಿಗೆ ಬಂದಿದ್ದಳು.

"ಕೆರಿ ದಂಡಿಗೆ. ನೀವು ಓಡ್ರಿ, ನಾನೂ ಹೊಂಟೆ."

ಶಿವಯೋಗಿ ಕೆರೆಯ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದರು. ನೀರು ಪಾದದವರೆಗೆ ಬಂದಿತ್ತು. ಕಸ್ತೂರಿ ಹೋಗಿ ಅವರ ತೋಳು ಹಿಡಿದು ಕೂತಳು.

"ನೀ ಯಾಕ ಬಂದಿ? ನಾ ಆರಾಮ ಅದೀನಿ," ಎಂದರು, ಅದೇ ಸಮದನಿಯಲ್ಲಿ.

"ಸೀಟಿ ಹೊಡಿಯೂದು ಮರತ್ರಿ," ಎಂದಳು.

ಶಿವಯೋಗಿ ಬಾಯಿ ತೆರೆದರು. ಯಾವ ದನಿಯೂ ಬರಲಿಲ್ಲ. ಡಾಕ್ಟರ ಕಾರು ಬರುವವರೆಗೂ ಅವಳು ಹಿಡಿದ ತೋಳು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಐದನೆಯ ವಾರ, ಮಾತಿನ ಚಿಕಿತ್ಸೆಗೆ ಮೂವರೂ ಕೂತಿದ್ದರು. ಶಿವಯೋಗಿಗೆ ತನ್ನ ಬಗ್ಗೆ ಮಾತೇ ಹೊರಡುತ್ತಿರಲಿಲ್ಲ. ನಜ್ಮಾ ಪೆನ್ನು ಕೆಳಗಿಟ್ಟು, "ನಿಮ್ಮ ದನಿ ಬ್ಯಾಡ ಬಿಡ್ರಿ. ಬ್ಯಾರೆ ಯಾರದರ ದನಿಯಾಗ ಹೇಳ್ರಿ," ಎಂದರು.

ಶಿವಯೋಗಿ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಗಿನ ತುದಿಯ ಇಲ್ಲದ ಕನ್ನಡಕ ಏರಿಸಿಕೊಂಡರು. ಬಂದದ್ದು ಕಸ್ತೂರಿಯ ದನಿ, ಹಾಜರಿ ಕೂಗುವ ದನಿ: "ಏನ್ ಹೇಳ್ಲಿ ಬಾಯಾರ, ಈ ಮನಷ್ಯಾ ನಾಕು ದಿನಾ ಆತು ಜಳಕಾ ಮಾಡಿಲ್ಲ. ಸಾಯೂ ವಿಚಾರ ಇನ್ನೂ ಪೂರಾ ಹೋಗಿಲ್ಲ. ನಿನ್ನೆ ಮಧ್ಯಾಹ್ನ ಎರಡು ಸಲ ಬಂದಿತ್ತು. ನನ್ನ ಮುಂದ ಹೇಳಾಕ ಇವರಿಗೆ ನಾಚಿಕಿ. ಅದಕ್ಕ ನಾನ ಹೇಳಾಕತ್ತೀನಿ. ಸುಮ್ನ ಕೂಡ್ರಿ, ಹಿಂದಿನ ಬೆಂಚು!"

ಇಪ್ಪತ್ತೇಳು ದಿನ ಹಸಿರು ತೋರಿಸಿದ್ದ ಗುಂಡಿ ಈಗ ಎರಡು ಸಲ ಕೆಮ್ಮಿ, "ಇದು ತಮ್ಮ ದನಿಯಲ್ಲ. ಮತ್ತೊಮ್ಮೆ ಪ್ರಯತ್ನಿಸಿ" ಎಂದಿತು.

ನಜ್ಮಾ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಬರೆದುಕೊಳ್ಳತೊಡಗಿದರು. ಶಿವಯೋಗಿ ಹೆದರುತ್ತ ಹೆಂಡತಿಯ ಮುಖ ನೋಡಿದರು. ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗಿನ ತುದಿಯ ಕನ್ನಡಕ ಏರಿಸಿಕೊಂಡಳು. ತಾನು ಮಾಡಿದ್ದೇನೆಂದು ಹೊಳೆದದ್ದೇ ತಡ, ವಾರ್ಡಿನ ಆ ತುದಿಯವರೆಗೂ ಕೇಳುವಂತೆ ನಕ್ಕಳು.