ಅರ್ಧ ಸೆಂಟಿಮೀಟರ್

ನವೀನ್‌ಕುಮಾರ್ ಬಂದ ಮೊದಲ ದಿನವೇ ಅವಳನ್ನು 'ಅರ್ಪಿ' ಎಂದು ಕರೆದ. ಮೂರು ವರ್ಷ ಅವಳ ಜೊತೆ ಕಾಡು ಸುತ್ತಿದ ಮನೋಹರನ ಬಾಯಲ್ಲಿ ಅವಳಿನ್ನೂ ಅರ್ಪಿತಳೇ.

ವರ್ಷದಿಂದ ವರ್ಷಕ್ಕೆ ಬಿಸಿಲು ಏರಿದಂತೆಲ್ಲ ಕಾಡು ಎಷ್ಟು ಇಂಗಾಲ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅರ್ಪಿತ ದೊಡ್ಡಬಳ್ಳಾಪುರದಾಚೆಯ ಮಾಕಳಿ ಬೆಟ್ಟದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮರ ದಪ್ಪವಾದಷ್ಟೂ ಅದರೊಳಗೆ ಇಂಗಾಲ ಹೆಚ್ಚು. ಪ್ರತಿ ಏಪ್ರಿಲ್‌ನಲ್ಲಿ ಗುರುತು ಹಾಕಿದ ನೂರ ಹನ್ನೆರಡು ಮರಗಳಿಗೆ ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆಯುವವನು ದೊಡ್ಡಬೆಳವಂಗಲದ ಮನೋಹರ್. ಈ ಸಲ ನವೀನ್ ಅವಳ ಸಂಶೋಧನಾ ಸಂಸ್ಥೆಯಿಂದ ಮರ ಅಳೆಯುವ ಲೇಸರ್ ಯಂತ್ರ ತಂದಿದ್ದ. ಅರ್ಪಿತ ಅದರ ಪರದೆಯ ಮೇಲೆ ಬಗ್ಗುತ್ತಿದ್ದಳು, ಜಾರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸುತ್ತಿದ್ದಳು, ಅವನು ಹೇಳಿದ್ದಕ್ಕೆಲ್ಲ ನಗುತ್ತಿದ್ದಳು. ಮನೋಹರ್ ಒಬ್ಬನೇ ಟೇಪು ಹಿಡಿದು ಹೋದ.

ಅಳತೆ ಇಳಿದಿತ್ತು. ಹೋದ ವರ್ಷ ತೊಂಬತ್ತೆರಡು ಸೆಂಟಿಮೀಟರ್ ಇದ್ದ ಜಾಲಾರಿ ಮರ ಈಗ ತೊಂಬತ್ತೊಂದೂವರೆ. ಪಕ್ಕದ್ದೂ ಹಾಗೇ. ಮರ ಎಲ್ಲಾದರೂ ತೆಳ್ಳಗಾಗುತ್ತದೆಯೇ? ಟೇಪು ಹಿಡಿಯಲೂ ಬರದವನು ಎಂದು ಆ ಯಂತ್ರದವನು ನಗುತ್ತಾನೆ, ಜೊತೆಗೆ ಅವಳೂ. ಮನೋಹರ್ ಮರಕ್ಕೊಂದು ಸೆಂಟಿಮೀಟರ್ ಸೇರಿಸಿ ಬರೆದುಬಿಟ್ಟ.

ಮೂರನೇ ದಿನ ಬಂಡೆಯ ನೆರಳಲ್ಲಿ ಊಟಕ್ಕೆ ಕೂತಾಗ ನವೀನ್ ತನ್ನ ಅಂಕಿ ತೋರಿಸಿದ. ಕಾಡು ಬೆಳೆದಿಲ್ಲ, ಸೊರಗಿದೆ ಎಂದ. ಅರ್ಪಿತ ಮನೋಹರನ ಪುಸ್ತಕ ಮುಂದಿಟ್ಟಳು.

"ನಿಮ್ಮ ಮೆಷಿನ್ ಇನ್ನೊಂದ್ಸಲ ನೋಡಿ ನವೀನ್. ಮನೋಹರ್ ಅಳತೆ ಮೂರು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ."

ಮನೋಹರ್ ಇಷ್ಟು ದಿನ ಕೇಳಲು ಕಾದಿದ್ದ ಮಾತು. ಸುಮ್ಮನಿದ್ದರೆ ಅವಳು ತನ್ನ ಕಡೆಗೇ ಇರುತ್ತಾಳೆ. ಅವಳ ಮೂರು ವರ್ಷದ ಕೆಲಸ ಮಾತ್ರ ಸುಳ್ಳಾಗುತ್ತದೆ.

"ಮೆಷಿನ್ ಸರಿಯಾಗೈತೆ," ಎಂದ. "ನಾನೇ ಸೇರಿಸ್ಬಿಟ್ಟೆ."

ನವೀನ್ ಡಬ್ಬಿ ತೊಳೆಯುವ ನೆಪದಲ್ಲಿ ಎದ್ದು ಹೋದ.

ಅರ್ಪಿತ ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಬಿಸಿಲಿಗೆ ನೀರು ಸಾಲದಾದಾಗ ಕಾಂಡ ಕುಗ್ಗುತ್ತದೆ, ತಾನು ಹುಡುಕುತ್ತಿದ್ದುದೇ ಆ ಅರ್ಧ ಸೆಂಟಿಮೀಟರನ್ನು ಎಂದು ತಣ್ಣಗೆ ಹೇಳಿದಳು. ಆಮೇಲೆ ಕೇಳಿದಳು, "ಯಾಕೋ?"

"ಅವ್ನು ಅರ್ಪಿ ಅಂತಾನೆ. ನೀನು ತಿರುಗಿ ನೋಡ್ತೀಯ."

"ಅಷ್ಟಕ್ಕೇನಾ?"

"ನಂಗೆ ಅದು ಅಷ್ಟೇ ಅಲ್ಲ. ನೀನಂದ್ರೆ ಇಷ್ಟ ಕಣೇ. ಹೇಳಕ್ಕೆ ಬರಲ್ಲ, ಹೊಟ್ಟೆ ಉರ್ಕೊಳ್ಳಕ್ಕೆ ಬರುತ್ತೆ."

ಅವಳ ತುಟಿಯಂಚು ಅಲುಗಿತು, ನಗುವಿನವರೆಗೆ ಹೋಗಲಿಲ್ಲ. ಅವನು ಬರೆದ ಪುಟಗಳಿಗೆಲ್ಲ ಅಡ್ಡಗೀಟು ಎಳೆದಳು.

"ನೂರ ಹನ್ನೆರಡೂ ಮತ್ತೆ ಅಳೀಬೇಕು, ನನ್ನ ಜೊತೆ. ಇನ್ನೊಂದ್ಸಲ ಸುಳ್ಳು ಬರೆದ್ರೆ ನಿನ್ನ ಇಷ್ಟಾನೂ ಬೇಡ, ನೀನೂ ಬೇಡ."

ಮೊದಲು ಸಿಕ್ಕಿದ್ದು ದಪ್ಪನೆಯ ದಿಂಡಿಗದ ಮರ. ಅವಳ ತೋಳು ಸುತ್ತ ನಿಲುಕಲಿಲ್ಲ. ಆಚೆಯಿಂದ ಅವನು ಟೇಪಿನ ತುದಿ ಹಿಡಿದುಕೊಂಡ. ಬೆರಳಿಗೆ ಬೆರಳು ತಾಗಿತು. ಅವಳು ಕೂಡಲೇ ಬಿಡಿಸಿಕೊಳ್ಳಲಿಲ್ಲ.

"ಎಷ್ಟು?"

ಹೋದ ವರ್ಷಕ್ಕಿಂತ ಕಡಿಮೆಯಿತ್ತು. ಇದ್ದದ್ದನ್ನೇ ಹೇಳಿದ. ಅರ್ಪಿತ ಟೇಪಿನತ್ತ ನೋಡಲಿಲ್ಲ. ಅವನ ಮುಖ ನೋಡಿ ಬರೆದುಕೊಂಡಳು.