ಈ ಕಾರು ನಿಮಗೆ ಬೇಡ

"ಬಾನೆಟ್ ಬಿಸಿ ಇದೆ!"

ಹಾಗೆಂದವಳು ಬಾನೆಟ್ ಮೇಲಿಂದ ಕೈ ತೆಗೆಯಲಿಲ್ಲ. ಹಳೇ ಕಾರು ಮಾರುವ ಡೀಲರ ಅಂಗಳದಲ್ಲಿ ಕಪ್ಪಗೆ ಮಿಂಚುತ್ತಿದ್ದ ಆ ದೊಡ್ಡ ಕಾರಿನ ಅಡಿಯಿಂದ ಮೊದಲು ಎರಡು ಬೂಟು, ಆಮೇಲೆ ಗ್ರೀಸು ಮೆತ್ತಿದ ಒಂದು ಮುಖ ಹೊರಗೆ ಬಂತು.

"ನಾನು ಬರೋಕ್ಕೆ ಮುಂಚೆ ಯಾರ್ರೀ ಸ್ಟಾರ್ಟ್ ಮಾಡಿದ್ದು? ತಣ್ಣಗಿರೋ ಇಂಜಿನ್ನೇ ನೋಡ್ಬೇಕು ಅಂತ ಫೋನಲ್ಲೇ ಹೇಳಿದ್ದೆ. ಬೆಳಿಗ್ಗೆ ಕೆಮ್ಮೋ ಇಂಜಿನ್ನು ಬಿಸಿ ಆದ್ಮೇಲೆ ಸಾಧು ಆಗ್ಬಿಡುತ್ತೆ. ನಂಗೊತ್ತಿಲ್ವಾ?"

ಮೆಕ್ಯಾನಿಕ್ ನಕ್ಕುಬಿಟ್ಟ. ಯಾರಾದರೂ ಹೀಗೆ ಕೇಳಲಿ ಎಂದು ಬಹಳ ದಿನದಿಂದ ಕಾದಿದ್ದವನ ಹಾಗಿತ್ತು ಆ ನಗು.

'ಛೆ, ಇವನು ನಕ್ಕರೆ ನಾನ್ಯಾಕೆ ಕೆಂಪಾಗ್ಬೇಕು?' ಅವಳು ತನ್ನನ್ನೇ ಗದರಿಸಿಕೊಂಡಳು.

ಎಂಟು ವರ್ಷ ಬೇರೆಯವರ ಟ್ಯಾಕ್ಸಿ ಓಡಿಸಿದವಳು ಅವಳು. ಸ್ಟ್ಯಾಂಡಿನಲ್ಲಿ ಎಲ್ಲರೂ ಅವಳನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಸ್ವಂತಕ್ಕೊಂದು ದೊಡ್ಡ ಗಾಡಿ ಕೊಂಡು ಹೋಟೆಲಿನ ಅತಿಥಿಗಳನ್ನು ಕರೆತರುವ ಕೆಲಸಕ್ಕಿಳಿಯಬೇಕೆಂದು ಈಗ ಹೊರಟಿದ್ದಳು. ಎಂಟು ವರ್ಷದ ಉಳಿತಾಯವೆಲ್ಲ ಈ ಒಂದು ಕಾರಿಗೆ. ಇದು ಕೈಕೊಟ್ಟರೆ ಮತ್ತೆ ಇನ್ನೊಬ್ಬರ ಕೀಲಿಗೆ ಕೈಚಾಚಬೇಕು.

ಅಷ್ಟರಲ್ಲಿ ಡೀಲರು ಅತ್ತರು ಘಮಘಮಿಸುತ್ತ ಬಂದ. "ಬನ್ನಿ ಅಮ್ಮಾ, ಬನ್ನಿ! ನೋಡೋಕ್ಕೆ ಮನೇಲಿ ಗಂಡಸರು ಯಾರೂ ಬರ್ಲಿಲ್ವಾ?"

"ಓಡ್ಸೋದು ನಾನು. ನೋಡೋದೂ ನಾನೇ. ಹದಿನಾಲ್ಕು ತಿಂಗಳಿಂದ ಈ ಗಾಡಿ ಸರ್ವಿಸಿಗೇ ಬಂದಿಲ್ಲ ಅಂತ ಕಂಪನಿಯವರು ಹೇಳಿದ್ರು. ಯಾಕೆ?"

"ಓನರು ಪರದೇಶದಲ್ಲಿದ್ರು. ಶೆಡ್ಡಲ್ಲೇ ನಿಂತಿತ್ತು. ದೇವರಾಣೆ!"

ಓಡಿಸಿ ನೋಡಲೆಂದು ಅವಳು ಸ್ಟೀರಿಂಗ್ ಹಿಡಿದಳು; ಡೀಲರು ಹಿಂದಿನ ಸೀಟಿನಲ್ಲಿ, ಮೆಕ್ಯಾನಿಕ್ ಅವಳ ಪಕ್ಕದಲ್ಲಿ ಕೂತರು. ಅವಳು ಸೀಟ್ ಬೆಲ್ಟ್ ಹಾಕಿಕೊಂಡಳು.

"ಮೇಡಂ, ಬೆಲ್ಟು ಪೂರ್ತಿ ಎಳೀರಿ," ಎಂದ ಮೆಕ್ಯಾನಿಕ್.

"ಹಾಕಿದ್ದೀನಲ್ಲ!"

ಮೊದಲ ತಿರುವಿನಲ್ಲಿ ಮತ್ತೆ, "ಆ ಬೆಲ್ಟು ಕೊನೇವರೆಗೂ ಎಳೆದು ನೋಡಿ..."

ಸಿಗ್ನಲ್ಲಿನಲ್ಲಿ ಮೂರನೇ ಸಲ. ಅವಳ ಪಿತ್ತ ನೆತ್ತಿಗೇರಿತು. "ಏನ್ರೀ, ನಂಗೆ ಬೆಲ್ಟ್ ಹಾಕೋದು ಹೇಳ್ಕೊಡ್ತೀರಾ? ನೀವು ಅಂಬೆಗಾಲಿಡ್ತಿದ್ದಾಗಿಂದ ಓಡಿಸ್ತಿದ್ದೀನಿ ಗಾಡಿ!"

ಇಬ್ಬರಿಗೂ ಒಂದೇ ವಯಸ್ಸಿರಬೇಕು. ಸಿಟ್ಟಿನಲ್ಲಿ ಲೆಕ್ಕ ಯಾರು ಹಾಕುತ್ತಾರೆ!

ಇಳಿಯುವಾಗ ಡೀಲರಿಗೆ ಫೋನು ಬಂತು. ಅವನು ಅತ್ತ ತಿರುಗಿದ್ದೇ ತಡ, ಮೆಕ್ಯಾನಿಕ್ ತಗ್ಗಿದ ದನಿಯಲ್ಲಿ, "ಈ ಕಾರು ನಿಮಗೆ ಬೇಡ. ಬಿಟ್ಬಿಡಿ," ಎಂದ.

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಡೀಲರು ಹೇಳಿದ್ದರೆ ತಿರುಗಿ ಒಂದು ಮಾತು ಎಸೆದು ಮರೆಯುತ್ತಿದ್ದಳು. ಆದರೆ ಈ ನಗುವಿನವನೂ ಹಾಗೆಯೇ? ಹೆಂಗಸಿಗ್ಯಾಕೆ ಇಷ್ಟು ದೊಡ್ಡ ಗಾಡಿ ಅಂತಲೇ?

"ನಾಳೆ ಬೆಳಿಗ್ಗೆ ಅಡ್ವಾನ್ಸ್ ತರ್ತೀನಿ," ಎಂದಳು, ಡೀಲರಿಗೂ ಕೇಳುವ ಹಾಗೆ. "ನಂಗೆ ಇದೇ ಕಾರು ಬೇಕು!"

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದಿದ್ದರು. ಮಗಳು ಚಪ್ಪಲಿ ಬಿಸಾಡಿದ ಸದ್ದಿನಲ್ಲೇ ಅವರಿಗೆ ಅರ್ಧ ಕಥೆ ಗೊತ್ತಾಯಿತು. ಉಳಿದರ್ಧವನ್ನು ಅವಳು ಹೇಳಿದಳು.

"ಮೂರು ಸಲ ಬೆಲ್ಟ್ ಎಳೀರಿ ಅಂದ್ನಾ?" ಅಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದರು. "ನೀನು ಹಾಕ್ಕೊಂಡ ಮೇಲೂನಾ?"

"ಹೂಂ ಅಮ್ಮಾ. ಸೊಕ್ಕು!"

"ಸೊಕ್ಕಿನವರು ಒಂದು ಸಲ ಹೇಳಿ ಸುಮ್ನಾಗ್ತಾರೆ ಕಣೇ. ನಿನ್ನ ಮೂಗಿನ ತುದಿ ಕೋಪ ಸ್ವಲ್ಪ ಪಕ್ಕಕ್ಕಿಟ್ಟು, ಅವನು ಹೇಳಿದ್ದನ್ನ ಮಾಡಿ ನೋಡು."

ಮರುದಿನ ಅವಳು ಡೀಲರ ಕೈಗೆ ಚೆಕ್ಕು ಕೊಡುವ ಮೊದಲು ಕಾರಿನಲ್ಲಿ ಕೂತಳು. ಬೆಲ್ಟ್ ಎಳೆದಳು... ಇನ್ನೂ ಎಳೆದಳು... ಇನ್ನು ಬರುವುದಿಲ್ಲ ಎನ್ನುವಲ್ಲಿಯವರೆಗೆ ಎಳೆದಳು.

ಒಳಗೆ ಸುತ್ತಿಕೊಂಡಿದ್ದ ಕೊನೆಯ ಒಂದು ಗೇಣು ಪಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು. ಒಣಗಿದ ಕೆಸರು ಉಗುರಿಗೆ ಪುಡಿಪುಡಿಯಾಗಿ ಉದುರಿತು. ಸೀಟು ತೊಳೆದಿದ್ದರು, ಮ್ಯಾಟು ಬದಲಾಯಿಸಿದ್ದರು, ಸುಗಂಧ ಸುರಿದಿದ್ದರು. ಬೆಲ್ಟಿನ ತುದಿಯನ್ನು ಮಾತ್ರ ಯಾರೂ ಎಳೆದು ನೋಡಿರಲಿಲ್ಲ.

"ಈ ಕಾರು ನೀರಲ್ಲಿ ಮುಳುಗಿತ್ತು!"

"ಏನೋ ಕೊಳೆ ಅಮ್ಮಾ. ಲೋ, ಹೇಳೋ ಇವರಿಗೆ!" ಡೀಲರು ಮೆಕ್ಯಾನಿಕ್ ಕಡೆ ತಿರುಗಿದ.

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. "ಸೀಟಿನವರೆಗೂ ಮುಳುಗಿತ್ತು ಮೇಡಂ. ಬಿಚ್ಚಿ ಒಣಗಿಸಿದ್ದು ನಾನೇ. ವೈರಿಂಗೆಲ್ಲ ತುಕ್ಕು ಹಿಡೀತಿದೆ. ಆರು ತಿಂಗಳಲ್ಲಿ ಎಲ್ಲಾದ್ರೂ ನಡುರಸ್ತೇಲಿ ನಿಲ್ಲುತ್ತೆ."

"ನಿನ್ನಕ್ಕನ ಮುಖ ನೋಡಿ ಕೆಲಸ ಕೊಟ್ಟೆ. ಉಂಡ ಮನೆಗೇ ಎರಡು ಬಗೀತೀಯಾ?"

"ಅಕ್ಕನಿಗೆ ನಿನ್ನೆ ರಾತ್ರಿನೇ ಹೇಳ್ದೆ ಭಾವ. 'ನನ್ನ ಸಂಸಾರ ನಾನು ನೋಡ್ಕೋತೀನಿ, ನೀನು ಸುಳ್ಳು ಹೇಳ್ಬೇಡ' ಅಂದ್ಲು." ಅವನು ಏಪ್ರನ್ ಬಿಚ್ಚಿ ಬಾನೆಟ್ ಮೇಲೆ ಹಾಕಿದ.

ಗೇಟಿನ ಹೊರಗೆ ಅವನು, ಚೆಕ್ಕು ಕೊಡದೆ ಹೊರಟ ಅವಳ ಹಿಂದೆ ಓಡಿಬಂದ. "ಮೇಡಂ, ಒಂದು ನಿಮಿಷ..."

"ಏನು ಒಂದು ನಿಮಿಷ? ನೆಟ್ಟಗೆ ಹೇಳೋಕ್ಕೆ ಬಾಯಿರ್ಲಿಲ್ವಾ ನಿಮಗೆ? ನಾನು ಎಳೀದೇ ಇದ್ದಿದ್ರೆ? ನನ್ನ ಎಂಟು ವರ್ಷ ಕೆಸರಿಗೆ ಹೋಗ್ತಿತ್ತು! ಮುಚ್ಚಿ ಕೊಟ್ಟವರೂ ನೀವೇ, ಸನ್ನೆ ಮಾಡಿದವರೂ ನೀವೇ!"

"ನಿಜ," ಎಂದ ಅವನು. "ತಪ್ಪು ನಂದೇ."

ಒಂದು ನೆಪವನ್ನಾದರೂ ಹೇಳಿದ್ದರೆ ಅವಳು ಇನ್ನಷ್ಟು ಜಗಳವಾಡಬಹುದಿತ್ತು. ಅವನು ಹೇಳಲಿಲ್ಲ. ಅವಳು ಕಣ್ಣು ತುಂಬಿಕೊಂಡೇ ಬಸ್ಸು ಹತ್ತಿದಳು.

ತಿಂಗಳು ಕಳೆಯಿತು. ಆ ಮೆಕ್ಯಾನಿಕ್ ಈಗ ಕೊಳ್ಳುವವರ ಪರವಾಗಿ ಹಳೇ ಕಾರುಗಳನ್ನು ಪರೀಕ್ಷಿಸಿ ಕೊಡುತ್ತಾನೆ, ಡೀಲರುಗಳಿಗೆಲ್ಲ ಸಿಂಹಸ್ವಪ್ನವಾಗಿದ್ದಾನೆ ಎಂದು ಸ್ಟ್ಯಾಂಡಿನಲ್ಲಿ ಸುದ್ದಿ ಹಬ್ಬಿತು. ಅಲ್ಲೇ ಸಿಕ್ಕ ಅವನ ನಂಬರನ್ನು ಮೂರು ದಿನ ಅವಳು ಒತ್ತಿದಳು, ಅಳಿಸಿದಳು. ನಾಲ್ಕನೇ ದಿನ ಕರೆ ಹೋಗಿಯೇಬಿಟ್ಟಿತು.

"ಒಂದು ಗಾಡಿ ನೋಡ್ಬೇಕು. ಕೆಲಸಕ್ಕೆ ಕರೀತಿದ್ದೀನಿ, ಬೇರೆ ಅರ್ಥ ಮಾಡ್ಕೋಬೇಡಿ!"

"ಬರ್ತೀನಿ," ಎಂದ ಅವನು. ಹತ್ತು ನಿಮಿಷ ಮುಂಚೆಯೇ ಬಂದಿದ್ದ.

ಬೂದು ಬಣ್ಣದ ಕಾರು, ನಿವೃತ್ತ ಡಾಕ್ಟರಮ್ಮನದು. ಮೊದಲ ದಿನದಿಂದ ಎಲ್ಲ ರಸೀದಿಗಳನ್ನೂ ಅವರು ಒಂದು ಫೈಲಿನಲ್ಲಿ ಪೋಣಿಸಿಟ್ಟಿದ್ದರು. ಅವನು ಟಾರ್ಚು ಹಿಡಿದು ಎರಡು ಗಂಟೆ ಹುಡುಕಿದ.

"ಬಲಗಡೆ ಬಾಗಿಲಿಗೆ ಒಂದ್ಸಲ ಪೇಂಟ್ ಆಗಿದೆ. ಏಸಿ ವೀಕು. ಹಿಂದಿನ ಟೈರು ಎರಡೂ ಹಾಕಿಸ್ಬೇಕು." ಎಲ್ಲವನ್ನೂ ಡಾಕ್ಟರಮ್ಮನ ಎದುರಿಗೇ ಗಟ್ಟಿಯಾಗಿ ಹೇಳಿದ. "ಉಳಿದಿದ್ದೆಲ್ಲ ಚಿನ್ನ. ಕಣ್ಮುಚ್ಚಿ ತಗೊಳ್ಳಿ."

ಡಾಕ್ಟರಮ್ಮ ನಗುತ್ತ ಕಾಗದ ತರಲು ಒಳಗೆ ಹೋದರು. ಇಬ್ಬರೇ ಉಳಿದರು. ಅವನು ಟಾರ್ಚನ್ನು ಹಚ್ಚಿದ, ಆರಿಸಿದ, ಮತ್ತೆ ಹಚ್ಚಿದ.

"ಮೇಡಂ... ಕೆಲವು ಇಂಜಿನ್ನು ಇರ್ತಾವೆ... ಯಾರೋ ಒಬ್ಬರ ಕೈಗೆ ಮಾತ್ರ..."

"ಸಾಕು!" ಅವಳು ಕೈ ಎತ್ತಿದಳು. "ಇಂಜಿನ್ನು ಗಿಂಜಿನ್ನು ಬೇಡ. ಬಾಯಿಬಿಟ್ಟು ಹೇಳೋದಿದ್ರೆ ಹೇಳಿ. ಇಲ್ಲಾಂದ್ರೆ ಹೊರಡಿ."

ಅವನು ಟಾರ್ಚನ್ನು ಕಿಸೆಗಿಟ್ಟ. ಆಮೇಲೆ ತಲೆ ಎತ್ತಿದ.

"ನಿಮ್ಮನ್ನ ಪ್ರೀತಿಸ್ತೀನಿ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ."

ಹೇಳಿ ಅಂದವಳು ಅವಳೇ. ಆದರೂ ಅವಳು ತಿರುಗಿ ಕಾರಿನ ಕನ್ನಡಿ ಒರೆಸತೊಡಗಿದಳು.

"ನಾನು ಡ್ರೈವಿಂಗ್ ಬಿಡಲ್ಲ."

"ಯಾರು ಬಿಡಿ ಅಂದ್ರು?"

"ಜಗಳ ಆಡೋದೂ ಬಿಡಲ್ಲ."

"ಆಡಿ."

ಅವಳ ತುಟಿಯಂಚಿನಲ್ಲಿ ನಗು ಒಡೆಯಿತು. ಗ್ರೀಸು ಹತ್ತಿದ ಅವನ ಬೆರಳುಗಳನ್ನು ಅವಳು ತಾನಾಗಿಯೇ ಹಿಡಿದುಕೊಂಡಳು. "ಹಾಗಾದ್ರೆ ಇವತ್ತೇ ಮನೆಗೆ ಬನ್ನಿ. ನಮ್ಮಮ್ಮನ ಎದುರು ಇದೇ ಮಾತು ಇಷ್ಟೇ ಗಟ್ಟಿಯಾಗಿ ಹೇಳ್ಬೇಕು."

"ಅವರು ಒಪ್ಪದೇ ಇದ್ರೆ?"

"ಒಪ್ಪೋವರೆಗೂ ಅಲ್ಲೇ ಕೂತಿರಿ," ಎಂದಳು ಅವಳು. "ನಿಮ್ಮ ಪಕ್ಕದಲ್ಲೇ ನಾನೂ ಕೂತಿರ್ತೀನಿ."