ಮೂರನೇ ತಗಡಿನ ನೀಲಿ

"ಅಯ್ಯೋ, ನಿಮ್ಮ ಕೈಗೆಲ್ಲಾ ಬಿಳಿ ಬಣ್ಣ ಮೆತ್ತಿಕೊಂಡಿದೆ ನೋಡಿ! ಕೊಡಿ ಇಲ್ಲಿ, ಒರೆಸ್ತೀನಿ."

ಹಾಗಂದವಳೇ ಅವಳು ಮೇಜಿನ ಮೇಲಿದ್ದ, ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆ ಎತ್ತಿಕೊಂಡು, ಅಂಗಡಿಯವನ ಬೆರಳುಗಳನ್ನು ತಿಕ್ಕಲು ಶುರು ಮಾಡಿಯೇಬಿಟ್ಟಳು.

ಒಂದು ಸಲ ತಿಕ್ಕಿದಳು. ಎರಡು ಸಲ ತಿಕ್ಕಿದಳು. ಬಣ್ಣ ಹೋಗಲಿಲ್ಲ.

ಅವನು ಕೈ ಎಳೆದುಕೊಳ್ಳಲಿಲ್ಲ. ಸುಮ್ಮನೆ ಅವಳ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಮೆಲ್ಲಗೆ ಹೇಳಿದ.

"ಅದು ಹೋಗಲ್ಲ ಮೇಡಂ. ಬಣ್ಣ ಅಲ್ಲ ಅದು... ತೊನ್ನು."

ಅವಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಆಗ ಕಾಣಿಸಿತು ಅವಳಿಗೆ... ಬೆರಳಿನಿಂದ ಮೊಣಕೈವರೆಗೆ ಅಲ್ಲಲ್ಲಿ ಬಿಳಿ ಮಚ್ಚೆ, ತುಟಿಯ ಅಂಚಿನಲ್ಲೂ ಚಿಕ್ಕದೊಂದು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ಕ್ಷಮಿಸಿ... ನನಗೆ ನಿಜವಾಗ್ಲೂ..."

"ಪರವಾಗಿಲ್ಲ ಬಿಡಿ. ಪೇಂಟ್ ಅಂಗಡೀಲಿ ಪೇಂಟ್ ಅಂತಲೇ ಅಂದ್ಕೋತಾರೆ. ಆದ್ರೆ ಗೊತ್ತಾದ ಮೇಲೂ ಕೈ ಬಿಡದೆ ಇರೋರು ನೀವೇ ಮೊದಲು."

ಹೌದಲ್ಲ! ಅವನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಅವಳು ಧಡಕ್ಕನೆ ಬಿಟ್ಟಳು. ಅವನು ನಕ್ಕ.

ನಮ್ಮ ಹುಡುಗಿ ಅವತ್ತು ಗಾಡಿಗಳಿಗೆ ಬಣ್ಣ ಹೊಡೆಯುವ ಆ ಅಂಗಡಿಗೆ ಬಂದಿದ್ದು ಅಪ್ಪನ ಹಳೇ ಸ್ಕೂಟರ್ ತಳ್ಳಿಕೊಂಡು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅಷ್ಟೂ ದಿನ ಅದು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ನಿಂತಿತ್ತು. ಇಂಜಿನ್ ರಿಪೇರಿಯಾಗಿತ್ತು. ಬಾಕಿ ಉಳಿದಿದ್ದು ಬಣ್ಣ ಒಂದೇ.

"ಬಣ್ಣ ನಾನೇ ಹೊಡೀಬೇಕು," ಅಂದಳು.

"ಮುಂಚೆ ಯಾವತ್ತಾದ್ರೂ ಹೊಡೆದಿದ್ದೀರಾ?"

"ಉಗುರಿಗೆ ಬಿಟ್ರೆ ಬೇರೆ ಯಾವುದಕ್ಕೂ ಇಲ್ಲ."

ಅವನು ಜೋರಾಗಿ ನಕ್ಕುಬಿಟ್ಟ. ಆದರೆ ಅವಳು ನಗಲಿಲ್ಲ. "ನಮ್ಮಪ್ಪನ ಗಾಡಿ. ಹೇಗೇ ಬಂದ್ರೂ ನನ್ನ ಕೈಯಿಂದಲೇ ಆಗ್ಬೇಕು. ನೀವು ಕಲಿಸ್ತೀರಾ, ಇಲ್ವಾ?"

ಅವನ ನಗು ನಿಂತಿತು. "ಮಧ್ಯಾಹ್ನ ಬನ್ನಿ. ಊಟದ ಹೊತ್ತಲ್ಲಿ ಅಂಗಡಿ ಖಾಲಿ ಇರುತ್ತೆ."

"ಇನ್ನೊಂದು ಮಾತು." ಅವಳು ಸ್ಕೂಟರಿನ ಹಿಂಚಕ್ರವನ್ನು ಎಡಗಡೆಯಿಂದ ಮುಚ್ಚುವ ತಗಡಿನ ಡಬ್ಬದ ಮೇಲಿದ್ದ ಅಂಗೈಯಗಲದ ತಗ್ಗನ್ನು ತೋರಿಸಿದಳು. "ಇದನ್ನ ಮಾತ್ರ ಮುಟ್ಟಬಾರದು. ನಾನು ಗಾಡಿ ಕಲಿಯುವಾಗ ಗೇಟಿಗೆ ಗುದ್ದಿದ್ದು. ಅಪ್ಪ ಬಯ್ಯೋದು ಬಿಟ್ಟು ಹೊಟ್ಟೆ ಹಿಡ್ಕೊಂಡು ನಕ್ಕಿದ್ರು. ಆ ನಗು ಇದರೊಳಗಿದೆ."

"ಮುಟ್ಟಲ್ಲ," ಅಂದ ಅವನು.

ಬೀದಿಯವರೆಲ್ಲ ಅವನನ್ನು 'ಬಣ್ಣದಣ್ಣ' ಅಂತ ಕರೆಯುತ್ತಿದ್ದರು. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದ ಇವಳನ್ನು ಅವನು 'ಟೈಲರ್ ಮೇಡಂ' ಅನ್ನುತ್ತಿದ್ದ. ಇವಳು ಅವನನ್ನು ಏನೂ ಕರೆಯುತ್ತಿರಲಿಲ್ಲ. 'ಇಲ್ನೋಡಿ', 'ರೀ, ಸ್ವಲ್ಪ ಬನ್ನಿ', ಇಷ್ಟರಲ್ಲೇ ಕಾಲ ತಳ್ಳುತ್ತಿದ್ದಳು. ಯಾಕೆ ಅಂತ ಕೇಳಿದ್ದರೂ ಹೇಳುತ್ತಿರಲಿಲ್ಲ ಬಿಡಿ!

ಬಣ್ಣ ಆರಿಸುವುದಕ್ಕೇ ನಾಲ್ಕು ದಿನ ಹಿಡಿಯಿತು.

ಅಪ್ಪನ ಹಳೇ ಅಂಗಿಯ ಜೇಬನ್ನು ಬಿಚ್ಚಿ ತಂದಿದ್ದಳು. ನೀಲಿ, ಒಗೆದು ಒಗೆದು ಮೆತ್ತಗಾದ ನೀಲಿ. "ಇದೇ ಬೇಕು."

"ಬಟ್ಟೆ ಬೆಳಕನ್ನ ಕುಡಿಯುತ್ತೆ, ತಗಡು ವಾಪಸ್ ಎಸೆಯುತ್ತೆ. ಎರಡೂ ಒಂದೇ ಥರ ಕಾಣಲ್ಲ. ಹತ್ತಿರ ಹತ್ತಿರ ತರೋಣ."

ಅವನು ಮೂರು ತಗಡಿನ ತುಂಡುಗಳಿಗೆ ಮೂರು ನೀಲಿ ಹೊಡೆದ. ಅವಳು ಮೊದಲನೆಯದನ್ನು ನೋಡಿದ ಕೂಡಲೇ, "ಇದೇ! ಇದೇ!" ಅಂದಳು.

"ಹಸಿ ಇರುವಾಗ ತೀರ್ಮಾನ ಮಾಡ್ಬೇಡಿ ಮೇಡಂ. ಒಣಗಲಿ. ಬಿಸಿಲಿಗೆ ಹಿಡಿದು ನೋಡಿ, ನೆರಳಲ್ಲಿ ನೋಡಿ. ಆಮೇಲೆ ಹೇಳಿ."

ಮಾರನೇ ದಿನ ನೋಡಿದರೆ ಮೊದಲನೆಯದು ಕಪ್ಪಿಟ್ಟಿತ್ತು. ಮೂರನೆಯದು ಮಾತ್ರ ಜೇಬಿನ ಪಕ್ಕ ಇಟ್ಟಾಗ ಥೇಟ್ ಅಪ್ಪನ ಎದೆಯ ಮೇಲಿದ್ದ ಬಣ್ಣ. ಅವಳು ಜೇಬನ್ನು ಕೆನ್ನೆಗೆ ಒತ್ತಿಕೊಂಡಳು. ಅವನು ನೀರಿನ ಬಾಟಲಿ ಮುಂದಿಟ್ಟ.

ಆಮೇಲೆ ಉಜ್ಜುವ ಕೆಲಸ. ನೀರು ಹಾಕಿ ಹಾಕಿ ಮರಳು ಕಾಗದದಲ್ಲಿ ಹಳೇ ಬಣ್ಣ ಉಜ್ಜಬೇಕು. ಕೈ ಬೆರಳೆಲ್ಲ ಸುಕ್ಕುಗಟ್ಟುತ್ತಿತ್ತು.

"ಕಣ್ಣನ್ನ ನಂಬಬೇಡಿ. ಕಣ್ಣು ಮುಚ್ಚಿ ಅಂಗೈ ಆಡಿಸಿ. ಎಲ್ಲಿ ಏರಿದೆ, ಎಲ್ಲಿ ತಗ್ಗಿದೆ ಅಂತ ಕೈ ಹೇಳುತ್ತೆ."

ಒಂದು ಹಳೇ ಕಾರಿನ ಬಾನೆಟ್ ಮೇಲೆ ಬಣ್ಣ ಚಿಮ್ಮಿಸುವ ಗನ್ ಹಿಡಿಯುವುದನ್ನೂ ಕಲಿಸಿದ. ಒಂದು ಗೇಣು ದೂರ. ತೆಳ್ಳಗೆ ಒಂದು ಕೋಟ್, ಆಮೇಲೆ ಕಾಯಬೇಕು, ಆಮೇಲೆ ಇನ್ನೊಂದು.

"ಕೈ ನಿಲ್ಲಿಸ್ಬೇಡಿ! ನಿಲ್ಲಿಸಿದ್ರೆ ಬಣ್ಣ ಅಳುತ್ತೆ."

ನಿಲ್ಲಿಸಿದಳು. ಬಾನೆಟ್ ಮೇಲೆ ಬಣ್ಣ ಧಾರೆಯಾಗಿ ಇಳಿಯಿತು. ಇಬ್ಬರೂ ನಕ್ಕೂ ನಕ್ಕೂ ಸುಸ್ತಾದರು.

ಅವನ ಅಂಗಿಯ ತೋಳಿನ ತುದಿ ಯಾವಾಗಲೂ ಬಣ್ಣದ ಡಬ್ಬಿಯಲ್ಲಿ ಅದ್ದಿಹೋಗುತ್ತಿತ್ತು. ಒಂದು ದಿನ ಅವಳು ಅವನನ್ನು ಗದರಿಸಿ ನಾಲ್ಕು ಅಂಗಿಗಳನ್ನು ಇಸಿದುಕೊಂಡು ಹೋಗಿ ಅರ್ಧ ತೋಳು ಮಾಡಿ ತಂದುಕೊಟ್ಟಳು.

ಅವನು ತನ್ನ ಕೈ ನೋಡಿಕೊಂಡ. "ಅರ್ಧ ತೋಳು ನಾನು ಹಾಕೋದಿಲ್ಲ ಮೇಡಂ... ಜನ ನೋಡ್ತಾರೆ."

"ನೋಡ್ಲಿ. ನಾನೂ ನೋಡ್ತೀನಿ. ನನಗೇನೂ ಆಗಿಲ್ವಲ್ಲ?"

ಮರುದಿನದಿಂದ ಅವನು ಅರ್ಧ ತೋಳಿನಲ್ಲಿ ಬಂದ. ಅವಳ ಒಂದು ಮಾತಿಗೆ!

ಅಂಥ ಮಾತಾಡಿದ ಬಾಯೇ ಮುಂದೆ ಎಂಥ ಮಾತಾಡಿತು ನೋಡಿ...

ನೆಂಟರ ಮದುವೆಯ ಬಟ್ಟೆಗಳ ಗಡಿಬಿಡಿಯಲ್ಲಿ ಅವಳು ಮೂರು ದಿನ ಅಂಗಡಿ ಕಡೆ ಹೋಗಲಿಲ್ಲ. ನಾಲ್ಕನೇ ದಿನ ಓಡಿಬಂದಾಗ ಸ್ಕೂಟರ್, ಅವಳು ಅವನಿಗೇ ಬಿಟ್ಟಿದ್ದ ಬೂದು ಅಡಿಬಣ್ಣ, ಅಂದರೆ ಪ್ರೈಮರ್, ಪೂರ್ತಿ ಹೊಡೆಸಿಕೊಂಡು ನಿಂತಿತ್ತು. ನಾಳೆ ನೀಲಿ! ಅವಳು ಖುಷಿಯಿಂದ ಕಣ್ಣು ಮುಚ್ಚಿ, ಅವನು ಕಲಿಸಿದ ಹಾಗೆ ಎಡ ಡಬ್ಬದ ಮೇಲೆ ಅಂಗೈ ಆಡಿಸಿದಳು.

ನುಣ್ಣಗಿತ್ತು.

ಮತ್ತೆ ಆಡಿಸಿದಳು. ತಗ್ಗು ಇರಲಿಲ್ಲ. ಪುಟ್ಟಿ ಮೆತ್ತಿ ತುಂಬಿ, ಉಜ್ಜಿ, ಸಮ ಮಾಡಿಬಿಟ್ಟಿದ್ದ!

"ಏನ್ರೀ ಇದು? ಮುಟ್ಟಬೇಡಿ ಅಂದಿದ್ನಲ್ಲ!"

ಅವನು ಸ್ಟೂಲ್ ಮುಂದೆ ಎಳೆದ. "ಮೇಡಂ, ಕೂತ್ಕೊಳ್ಳಿ. ಒಂದು ನಿಮಿಷ..."

"ಯಾಕೆ ಮುಚ್ಚಿದ್ರಿ? ಹೇಳಿ!"

"ಕಾರಣ ಇದೆ. ನಾನು ಹೇಳೋ ಹಾಗಿಲ್ಲ. ಆದ್ರೆ ನಿಮಗೋಸ್ಕರ ಒಂದು..."

ಅವಳಿಗೆ ಕೇಳುವ ತಾಳ್ಮೆ ಎಲ್ಲಿತ್ತು? ಅಪ್ಪನ ನಗು ಹೋಯಿತು ಅನ್ನುವುದೊಂದೇ ತಲೆಯಲ್ಲಿ. ನಾಲಿಗೆ ಹರಿಯಿತು.

"ಸ್ವಂತ ಮೈಮೇಲಿನ ಕಲೆ ಮುಚ್ಕೊಳ್ಳೋಕೆ ಆಗದವರು, ಕಂಡವರ ಗಾಡಿ ಮೇಲಿರೋದನ್ನ ಮುಚ್ಚೋಕೆ ಬಂದ್ರಾ!"



ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಅಷ್ಟೇ.

ಆ ಮಾತು ಬಾಯಿಂದ ಬಿದ್ದ ಕ್ಷಣವೇ ಅವಳಿಗೆ ಗೊತ್ತಾಯಿತು, ತಪ್ಪಾಯಿತು ಅಂತ. 'ಕ್ಷಮಿಸಿ ಅನ್ನು, ಈಗಲೇ ಅನ್ನು...' ಅಂತ ಒಳಗಿನಿಂದ ಯಾರೋ ಬೇಡಿಕೊಳ್ಳುತ್ತಿದ್ದರು. ಅನ್ನಲಿಲ್ಲ. ಬೂದು ಸ್ಕೂಟರನ್ನು ತಳ್ಳಿಕೊಂಡು ಹೊರಟುಬಿಟ್ಟಳು.

ಹನ್ನೊಂದು ತಿಂಗಳು.

ಪ್ರೈಮರ್ ಬರೀ ಅಡಿಪಾಯ, ಅದು ನೀರು ಕುಡಿಯುತ್ತೆ ಅಂತ ಅವನೇ ಹೇಳಿದ್ದ. ಎರಡು ಮಳೆ ಬಿದ್ದದ್ದೇ ತಡ, ಅಂಚಿನಲ್ಲಿ ತುಕ್ಕು ಇಣುಕಿತು. ಹಟಕ್ಕೆ ಬಿದ್ದು ಸ್ಪ್ರೇ ಡಬ್ಬಿ ತಂದು ಹಿತ್ತಲಲ್ಲಿ ತಾನೇ ಹೊಡೆದಳು. ತೀರಾ ಹತ್ತಿರ ಹಿಡಿದಳು, ಒಣಗಲು ಬಿಡದೆ ಮೇಲೆ ಮೇಲೆ ಹೊಡೆದಳು. ಎಡ ಡಬ್ಬದ ತುಂಬ ನೀಲಿ ಧಾರೆಗಳು ಇಳಿದು ಗಟ್ಟಿಯಾದವು. ನೋಡಿ ನಗಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಒಮ್ಮೆ ಸಿಗ್ನಲ್‌ನಲ್ಲಿ ಅವನನ್ನು ಕಂಡಳು. ನೆತ್ತಿ ಸುಡುವ ಬಿಸಿಲು. ಅವನು ತುಂಬು ತೋಳಿನ ಅಂಗಿ ತೊಟ್ಟು, ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡಿದ್ದ.

ಹೊಲಿಗೆಯವಳ ಕಣ್ಣು ಮೊದಲು ಹೋಗುವುದೇ ತೋಳಿಗೆ. ಅವಳು ಅಲ್ಲೇ ಕುಗ್ಗಿಹೋದಳು. 'ನಾನೇ ಬಿಚ್ಚಿಸಿದ್ದೆ... ನಾನೇ ಮುಚ್ಚಿಸಿದೆ.' ಕರೆಯೋಣವೆಂದರೆ ಏನಂತ ಕರೆಯುವುದು? ಸಿಗ್ನಲ್ ಬಿಟ್ಟಿತು. ಅವನು ಹೊರಟುಹೋದ.

ಅವತ್ತು ಮನೆಗೆ ಬಂದವಳು ಹಿತ್ತಲ ಕಲ್ಲಿನ ಮೇಲೆ ಕೂತು ಅತ್ತಳು. ಒಣಗಿದ ಬಟ್ಟೆ ತೆಗೆಯಲು ಬಂದ ಅಮ್ಮ ಪಕ್ಕದಲ್ಲಿ ಕುಳಿತರು.

"ಆ ಪೇಂಟರ್ ವಿಷಯಾನಾ?"

"ಅಪ್ಪನ ತಗ್ಗು ಮುಚ್ಚಿದ್ರು ಅಂತ ಬಾಯಿಗೆ ಬಂದಹಾಗೆ ಅಂದುಬಿಟ್ಟೆ ಅಮ್ಮಾ..."

ಅಮ್ಮ ಮಡಚುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಹೇಳಿದರು.

"ಮುಚ್ಚಿಸಿದ್ದು ನಾನು ಕಣೇ."

"ಏನು?"

"ನಿಂಗೆ ಅದು ಗೇಟಿಗೆ ಗುದ್ದಿದ ತಗ್ಗು. ನಿಮ್ಮಪ್ಪಂಗೆ ಎದೆನೋವು ಬಂದು ಬೀದೀಲಿ ಬಿದ್ರಲ್ಲ, ಅವತ್ತು ನೀನು ಊರಲ್ಲಿರಲಿಲ್ಲ. ಗಾಡಿ ಆ ಮಗ್ಗುಲಿಗೇ ಬಿದ್ದಿತ್ತು. ಅದೇ ತಗ್ಗು ಇನ್ನೂ ಆಳ ಆಗಿತ್ತು. ಅದನ್ನ ನೋಡಿದಾಗೆಲ್ಲ ನಂಗೆ ಅವರು ಬಿದ್ದಿದ್ದೇ ಕಾಣುತ್ತೆ. ನಿನಗೆ ಹೇಳಿದ್ರೆ ನಿನ್ನ ನಗುವನ್ನೂ ಕಿತ್ಕೊಂಡ ಹಾಗಾಗುತ್ತೆ... ಅದಕ್ಕೇ ಆ ಹುಡುಗನ ಹತ್ರ ಹೋಗಿ, ಮುಚ್ಚಿಬಿಡಪ್ಪಾ, ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡ ಅಂತ ಕೈ ಮುಗಿದೆ. ಅವನು ಒಪ್ಪಲೇ ಇಲ್ಲ. ನಾನು ಅತ್ತಿದ್ದಕ್ಕೆ ಒಪ್ಪಿದ."

ಇಷ್ಟು ದಿನ ಅಮ್ಮ ಒಬ್ಬರೇ ನುಂಗಿಕೊಂಡಿದ್ದರಲ್ಲ! ಮತ್ತೆ ಅವನು... ಅಂಥ ಮಾತು ಕೇಳಿಯೂ ಬಾಯಿ ಬಿಡಲಿಲ್ಲವಲ್ಲ!

"ಹೋಗಿ ಹೇಳೇ, ಅಮ್ಮ ಹೀಗಂದ್ಲು ಅಂತ," ಅಂದರು ಅಮ್ಮ.

"ಅದನ್ನ ಹೇಳೋಕೆ ಹೋಗಲ್ಲಮ್ಮ. ಅವರು ತಾವಾಗೇ ಮುಚ್ಚಿದ್ರೂ ನಾನು ಆ ಮಾತು ಅನ್ಬಾರದಿತ್ತು."

ಮರುದಿನ ಮಧ್ಯಾಹ್ನ ಅವಳು ಸ್ಕೂಟರ್ ತಳ್ಳಿಕೊಂಡು ಅಂಗಡಿ ಬಾಗಿಲಲ್ಲಿ ನಿಂತಳು. ಅವನು ಊಟದ ಡಬ್ಬಿ ಮುಚ್ಚುತ್ತಿದ್ದ. ಅವಳನ್ನು ಕಂಡು, ಅರಿವಿಲ್ಲದೆ ಅಂಗಿಯ ತೋಳನ್ನು ಬೆರಳಿನವರೆಗೆ ಎಳೆದುಕೊಂಡ.

ಅದನ್ನು ನೋಡಿ ಅವಳಿಗೆ ಕಲಿತುಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ನಾನು ಅಂದಿದ್ದು... ಅದು ಕೆಟ್ಟ ಮಾತು. ಕೋಪದಲ್ಲಿ ಅಂದೆ ಅಂತ ನೆಪ ಹೇಳಲ್ಲ. ನಿಮಗೆ ಎಲ್ಲಿ ನೋವಾಗುತ್ತೆ ಅಂತ ಗೊತ್ತಿದ್ದು ಅಲ್ಲೇ ಹೊಡೆದೆ. ಕ್ಷಮಿಸಿ."

ಅವನು ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟ.

"ನಮ್ಮ ಬೀದೀಲಿ ಎಷ್ಟೋ ಜನ ಎಷ್ಟೋ ಅಂದಿದ್ದಾರೆ ಮೇಡಂ. ಯಾವುದೂ ತಾಗಿರಲಿಲ್ಲ. ನಿಮ್ಮದು ತಾಗ್ತು. ತುಂಬಾ ದಿನ ಕೋಪ ಇತ್ತು."

"ಈಗ?"

ಅವನು ಒಳಗೆ ಹೋದ. ಬಂದಾಗ ಕೈಯಲ್ಲಿ ಎರಡು ವಸ್ತುಗಳಿದ್ದವು. ಒಂದು, ನೀಲಿ ತಗಡಿನ ತುಂಡು. ಮೂರನೆಯದು. ಇನ್ನೊಂದು, ಅಂಗೈಯಗಲದ ಬೂದು ಗಟ್ಟಿ. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಉಬ್ಬು.

"ಇದೇನು?"

"ನಿಮ್ಮಪ್ಪನ ನಗು. ತಗ್ಗು ಮುಚ್ಚೋಕೆ ಮುಂಚೆ ಅದರೊಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಎತ್ತಿಟ್ಟಿದ್ದೆ. ತಗ್ಗಿನ ಅಚ್ಚು. ಅವತ್ತು ಕೊಡೋಣ ಅಂತಿದ್ದೆ..."

'ನಿಮಗೋಸ್ಕರ ಒಂದು...' ಅಂದಿದ್ದು ಇದನ್ನೇ! ಅವಳು ಕೇಳಿಸಿಕೊಳ್ಳದೆ ಹೋದ ಆ ಅರ್ಧ ವಾಕ್ಯ, ಹನ್ನೊಂದು ತಿಂಗಳು ಕಪಾಟಿನಲ್ಲಿ ಕೂತಿತ್ತು.

ಅವಳು ಕಣ್ಣು ಮುಚ್ಚಿ ಆ ಉಬ್ಬಿನ ಮೇಲೆ ಅಂಗೈ ಆಡಿಸಿದಳು. ಕೈಗೆ ಗುರುತು ಸಿಕ್ಕಿತು. ಬಿಕ್ಕಿ ಬಿಕ್ಕಿ ಅತ್ತಳು.

"ಅಮ್ಮ ಎಲ್ಲಾ ಹೇಳಿದ್ರು."

"ಹೇಳಿದ್ರಾ?" ಅವನು ದೊಡ್ಡದಾಗಿ ಉಸಿರುಬಿಟ್ಟ. "ಸದ್ಯ."

ಆಮೇಲೆ ಬಗ್ಗಿ ಅವಳ ಸ್ಕೂಟರಿನ ಎಡ ಡಬ್ಬ ನೋಡಿದ. "ಬಣ್ಣ ಇಷ್ಟು ಚೆನ್ನಾಗಿ ಅಳೋ ಹಾಗೆ ಮಾಡಿದ್ಯಾರು?"

"ನಾನೇ," ಅಂದಳು ಮೂಗೊರೆಸಿಕೊಳ್ಳುತ್ತಾ.

"ಎಲ್ಲಾ ಮೊದಲಿಂದ ಉಜ್ಜಬೇಕು. ಒಂಬತ್ತು ಹತ್ತು ದಿನ ಆಗುತ್ತೆ."

"ಬರ್ತೀನಿ. ರೀ... ಇಷ್ಟು ದಿನದಲ್ಲಿ ನಾನು ನಿಮ್ಮನ್ನ ಒಂದು ಸಲಾನೂ ಅಣ್ಣ ಅಂದಿಲ್ಲ. ಗಮನಿಸಿದ್ದೀರಾ?"

"ಮೊದಲನೇ ವಾರಾನೇ ಗಮನಿಸಿದ್ದೆ," ಅಂದ ಅವನು. ತುಟಿಯಂಚಿನ ಬಿಳಿ ಮಚ್ಚೆ ನಗುವಿನಲ್ಲಿ ಅರಳಿತು. "ಅದಕ್ಕೇ ಅಲ್ವಾ ಈ ತಗಡು ಬಿಸಾಕೋಕೆ ಆಗದೆ ಇದ್ದಿದ್ದು."

ಹತ್ತನೇ ದಿನ ಮಧ್ಯಾಹ್ನ. ಸ್ಕೂಟರ್ ಮತ್ತೆ ಬೂದಾಗಿ ನಿಂತಿತ್ತು. ಹಿಂದಿನ ದಿನವೇ ಅವಳು ಅವನ ತುಂಬು ತೋಳಿನ ಅಂಗಿಯನ್ನು ಕೇಳಿ ಒಯ್ದಿದ್ದಳು. ಇವತ್ತು ಅರ್ಧ ತೋಳು ಮಾಡಿ ತಂದಳು.

ಅವನು ಅದನ್ನು ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದ. ಬಿಟ್ಟ ಅಭ್ಯಾಸ ಅಷ್ಟು ಸುಲಭವಾಗಿ ಬರುತ್ತದೆಯೇ? ಅವಳು ಬಲವಂತ ಮಾಡಲಿಲ್ಲ. ಹೋದ ಸಲದ ಹಾಗೆ ಗದರಲೂ ಇಲ್ಲ. ಆ ಹಕ್ಕು ಕಳಕೊಂಡಿದ್ದೇನೆ ಅಂತ ಅವಳಿಗೆ ಗೊತ್ತಿತ್ತು.

ಕೊನೆಗೆ ಅವನೇ ಒಳಗೆ ಹೋಗಿ ಹಾಕಿಕೊಂಡು ಬಂದ.

ಮಾಸ್ಕ್ ಕಟ್ಟಿಕೊಂಡು ಅವಳು ಗನ್ ಎತ್ತಿದಳು. ಒಂದು ಗೇಣು ದೂರ. ಎಡ ಡಬ್ಬದ ಮೇಲೆ ಮೊದಲ ನೀಲಿ ಹರಡಿತು, ಮಂಜಿನ ಹಾಗೆ. ಅಪ್ಪನ ಅಂಗಿ... ಅವಳ ಕಣ್ಣು ಮಂಜಾಯಿತು.

"ಕೈ ನಿಲ್ಲಿಸ್ಬೇಡ," ಅಂದ ಅವನು ಪಕ್ಕದಲ್ಲಿ ನಿಂತು. ಮೊದಲ ಸಲ 'ಮೇಡಂ' ಇರಲಿಲ್ಲ. "ಬಣ್ಣ ಅಳುತ್ತೆ."

"ನಾನೇ ಅಳ್ತಿದೀನಲ್ಲ, ಅದಕ್ಕೇನು ಮಾಡ್ಲಿ?"

"ಅಳು. ನಾನಿದೀನಿ. ಕೈ ಮಾತ್ರ ನಿಲ್ಲಿಸ್ಬೇಡ."